ಗೋಡೆಯ ಹಿಂದಿನ ಹೆಸರು

ಚಲನಚಿತ್ರವೊಂದನ್ನು ನೋಡಿ ಹೊರಬಂದವರನ್ನು ‘ಏನು ನೆನಪಿನಲ್ಲಿ ಉಳಿಯಿತು?’ ಎಂದು ಕೇಳಿದರೆ ನಾಯಕನ ಮುಖ, ನಾಯಕಿಯ ಕಣ್ಣು, ಹಾಡಿನ ಒಂದು ಸೊಲ್ಲು, ಕೊನೆಯ ಮಾತು, ಇಷ್ಟನ್ನು ಹೇಳುತ್ತಾರೆ. ಆ ಮುಖದ ಹಿಂದೆ ನಿಂತಿದ್ದ ಗೋಡೆಯನ್ನು ಯಾರೂ ಹೇಳುವುದಿಲ್ಲ. ಆದರೆ ಗೋಡೆಯ ಸುಣ್ಣ ಮಾಸಿದ್ದರಿಂದಲೇ ಆ ಮನೆಯ ಬಡತನ ನಮಗೆ ತಿಳಿದಿರುತ್ತದೆ; ಕಿಟಕಿ ಕೈಗೆಟುಕದಷ್ಟು ಎತ್ತರದಲ್ಲಿದ್ದುದರಿಂದಲೇ ಸೆರೆಯಾಳಿನ ಬೇಗುದಿ ನಮ್ಮನ್ನು ತಟ್ಟಿರುತ್ತದೆ. ಅದನ್ನು ಕಲ್ಪಿಸಿ ಕಟ್ಟಿಸಿದವನು ಕಲಾ ನಿರ್ದೇಶಕ. ಅವನ ಕೆಲಸ ಎಷ್ಟು ಚೆನ್ನಾಗಿದ್ದರೆ ಅಷ್ಟೂ ಅದು ಕಣ್ಣಿಗೆ ಬೀಳದೆ ಹೋಗುತ್ತದೆ. ಈ ವೃತ್ತಿಯ ವೈಚಿತ್ರ್ಯದೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ. ಹಲವರ ಕೈಯಿಂದ ಆದ ಕೆಲಸದ ಮೇಲೆ ಯಾರ ಹೆಸರಿರಬೇಕು? ಕೂಲಿ ಕೊಟ್ಟ ಮಾತ್ರಕ್ಕೆ ಋಣ ತೀರಿತೇ? ಹೆಸರನ್ನು ಬರೆಯದೆ ಬಿಟ್ಟರೆ ಯಾರಿಗಾದರೂ ಅನ್ಯಾಯವಾಗುತ್ತದೆಯೇ? ಬನಿಯನ್ನಿನ ಊರಾದ ತಿರುಪ್ಪೂರಿನಲ್ಲಿ ಬಾಳುತ್ತಿರುವ ನಮಗೆ ಈ ಪ್ರಶ್ನೆ ದೂರದ್ದಲ್ಲ ಎಂಬುದನ್ನು ಮುಂದೆ ನೋಡೋಣ.

ಮೊದಲು ಆ ಕೆಲಸದ ಬಗೆಯನ್ನು ತಿಳಿಯಬೇಕು. ಕಲಾ ನಿರ್ದೇಶಕ ಕಥೆಯನ್ನು ಓದಿ ಚಿತ್ರ ಬರೆಯುತ್ತಾನೆ. ಚಿತ್ರದಿಂದ ನಕ್ಷೆ, ನಕ್ಷೆಯಿಂದ ಅಳತೆ. ಬಡಗಿಗಳು ಚೌಕಟ್ಟು ಹೂಡುತ್ತಾರೆ. ಅಚ್ಚಿನವರು ಪ್ಲಾಸ್ಟರಿನಲ್ಲಿ ಕಂಬದ ಬೋದಿಗೆಯನ್ನು ಎರಕ ಹೊಯ್ಯುತ್ತಾರೆ. ಬಣ್ಣದವರು ಹಲಗೆಯನ್ನು ಕಲ್ಲಾಗಿಸುತ್ತಾರೆ, ಹೊಸ ಬಾಗಿಲಿಗೆ ನೂರು ವರ್ಷದ ಹೊಗೆಯ ಮಸಿ ಬಳಿಯುತ್ತಾರೆ. ನಾಲ್ಕು ಗೋಡೆಯ ಮನೆಗೆ ಮೂರೇ ಗೋಡೆ. ನಾಲ್ಕನೆಯದರ ಜಾಗದಲ್ಲಿ ಕ್ಯಾಮೆರಾ. ಚಿತ್ರೀಕರಣ ಮುಗಿದ ಮರುದಿನ ಅದೇ ಬಡಗಿಗಳು ಅದನ್ನು ಕಳಚಿಹಾಕುತ್ತಾರೆ. ಶಿಲ್ಪಿಯ ಕೆಲಸ ಶಿಲೆಯಲ್ಲಿ ಉಳಿಯುತ್ತದೆ. ಇವರದು ನೆರಳಿನಲ್ಲಿ ಮಾತ್ರ ಉಳಿಯುವಂಥದು. ಉಳಿಯುವುದು ನೆರಳು ಮಾತ್ರವಾದಾಗ, ಅದರ ಮೇಲೆ ಬರೆದ ಹೆಸರಿನ ಬೆಲೆ ಹೆಚ್ಚುತ್ತದೆ.

ಇಂಥ ನೆರಳಿನ ಕಾರ್ಖಾನೆಗಳು ನಮ್ಮ ಸೀಮೆಯಲ್ಲಿಯೂ ಇದ್ದವು. ಇಲ್ಲಿಂದ ಐವತ್ತು ಕಿಲೋಮೀಟರು ದೂರದ ಕೊಯಮತ್ತೂರಿನಲ್ಲಿ 1930ರ ದಶಕದಲ್ಲಿ ಸೆಂಟ್ರಲ್ ಸ್ಟುಡಿಯೋ ತಲೆಯೆತ್ತಿತು. ಮುಂದಿನ ದಶಕದಲ್ಲಿ ಎಸ್. ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ. ನೂಲಿನ ಗಿರಣಿಗಳ ಸೈರನ್ನಿಗೆ ಎದ್ದು ಮಲಗುತ್ತಿದ್ದ ಊರಿನಲ್ಲಿ ಸಿನಿಮಾ ಕೂಡ ಗಿರಣಿಯ ಶಿಸ್ತಿನಲ್ಲಿಯೇ ತಯಾರಾಗುತ್ತಿತ್ತು. ನಾಮಕ್ಕಲ್ ಕವಿ ರಾಮಲಿಂಗಂ ಪಿಳ್ಳೆಯವರ ಕಥೆಯನ್ನು ಆಧರಿಸಿ ನಾಯ್ಡು ಅವರು 1954ರಲ್ಲಿ ‘ಮಲೈಕ್ಕಳ್ಳನ್’ ತೆಗೆದರು. ಅದೇ ಕಥೆ ತೆಲುಗಿನಲ್ಲಿ ‘ಅಗ್ಗಿ ರಾಮುಡು’, ಹಿಂದಿಯಲ್ಲಿ ‘ಆಜಾದ್’, ಮಲಯಾಳದಲ್ಲಿ ‘ತಸ್ಕರವೀರನ್’ ಆಯಿತು. 1957ರಲ್ಲಿ ಕನ್ನಡದ ‘ಬೆಟ್ಟದ ಕಳ್ಳ’ನೂ ಆದ. ಮುಂದೆ ನಾಯ್ಡು ಅವರು ಬೆಂಗಳೂರಿಗೆ ಹೋಗಿ ಚಾಮುಂಡೇಶ್ವರಿ ಸ್ಟುಡಿಯೋ ಸ್ಥಾಪಿಸಿದರು. ಒಂದು ಕಥೆ ಇಷ್ಟು ಭಾಷೆಗಳಲ್ಲಿ ವೇಷ ಬದಲಿಸಿದಾಗ ಪ್ರತಿಯೊಂದರ ನಟರ ಹೆಸರನ್ನೂ ನಿರ್ಮಾಪಕರ ಹೆಸರನ್ನೂ ಚರಿತ್ರೆ ಬರೆದಿಟ್ಟುಕೊಂಡಿದೆ. ಆ ಬೆಟ್ಟದ ಗುಹೆಯನ್ನು ಹಲಗೆ ಗೋಣಿಗಳಲ್ಲಿ ಎಬ್ಬಿಸಿದ ಬಡಗಿಗಳನ್ನು ಯಾವ ಭಾಷೆಯ ಚರಿತ್ರೆಯೂ ಹೆಸರಿಸಿ ಕರೆಯುವುದಿಲ್ಲ.

ಕಲಾ ನಿರ್ದೇಶಕನೊಬ್ಬ ತನ್ನ ಹೆಸರಿನಿಂದಲೇ ಗುರುತಾದ ನಿದರ್ಶನವೂ ನಮ್ಮ ಎರಡು ನಾಡುಗಳ ನಡುವೆಯೇ ಇದೆ. ಪಿ. ಕೃಷ್ಣಮೂರ್ತಿಯವರು ತಮಿಳುನಾಡಿನವರು, ಮದ್ರಾಸಿನ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತವರು. ಅವರನ್ನು ಚಿತ್ರರಂಗದಲ್ಲಿ ನೆಲೆಗೊಳಿಸಿದವರು ಬರಿಗಾಲಿನ ನಿರ್ದೇಶಕರೆಂದೇ ಹೆಸರಾದ ನಮ್ಮ ಜಿ. ವಿ. ಅಯ್ಯರ್. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿದ ‘ಹಂಸಗೀತೆ’ (1975) ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆ. ಅದರ ಕಲಾ ನಿರ್ದೇಶನ ಕೃಷ್ಣಮೂರ್ತಿಯವರದು. ಮುಂದೆ ಸಂಸ್ಕೃತದ ‘ಆದಿ ಶಂಕರಾಚಾರ್ಯ’ (1983), ಕನ್ನಡದ ‘ಮಧ್ವಾಚಾರ್ಯ’ ಬಂದವು. ‘ಮಧ್ವಾಚಾರ್ಯ’ ಚಿತ್ರಕ್ಕೂ, ಮಲಯಾಳದ ‘ಒರು ವಡಕ್ಕನ್ ವೀರಗಾಥಾ’ ಚಿತ್ರಕ್ಕೂ, ತಮಿಳಿನ ‘ಭಾರತಿ’ಗೂ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಹದಿಮೂರನೆಯ ಶತಮಾನದ ಕರಾವಳಿಯ ಮಠ, ಉತ್ತರ ಮಲಬಾರಿನ ಕಳರಿ, ಸುಬ್ರಹ್ಮಣ್ಯ ಭಾರತಿಯವರು ಬಾಳಿದ ಬೀದಿ, ಈ ಮೂರು ಬೇರೆ ಬೇರೆ ಲೋಕಗಳನ್ನು ಒಬ್ಬನೇ ಕಲಾವಿದ ಕಂಡು ಕಾಣಿಸಿದ. 2020ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹುಟ್ಟಿನಿಂದ ತಮಿಳರಾದವರೊಬ್ಬರು ಕನ್ನಡ ಚಿತ್ರಗಳಿಗೆ ಮನೆ ಕಟ್ಟಿಕೊಟ್ಟರು. ತಮಿಳು ನೆಲದಲ್ಲಿ ಮನೆ ಕಟ್ಟಿಕೊಂಡಿರುವ ಕನ್ನಡಿಗರಾದ ನಾವು ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕಾದ್ದು ಉಚಿತ. ಅವರು ತಮ್ಮ ಹೆಸರಿಟ್ಟ ಚಿತ್ರಗಳ ಲೋಕವನ್ನು ತಾವೇ ಕಲ್ಪಿಸಿದವರು. ಹೆಸರಿಗೂ ಕೆಲಸಕ್ಕೂ ಅಲ್ಲಿ ಬಿರುಕಿರಲಿಲ್ಲ.

ಆದರೆ ಹೆಸರು ಮತ್ತು ಕೆಲಸ ಹೀಗೆ ಒಂದಾಗಿಯೇ ಇರಬೇಕೆಂದಿಲ್ಲ. ಇದನ್ನು ತಿಳಿಯಲು ಅಮೆರಿಕದ ಹಾಲಿವುಡ್ಡಿನತ್ತ ತಿರುಗಬೇಕು. ಏಕೆಂದರೆ ಸ್ಟುಡಿಯೋ ಪದ್ಧತಿ ತನ್ನ ಪೂರ್ಣಸ್ವರೂಪವನ್ನು ತಳೆದದ್ದು ಅಲ್ಲಿಯೇ. ನಮ್ಮ ಮದ್ರಾಸು ಕೊಯಮತ್ತೂರುಗಳ ಸ್ಟುಡಿಯೋಗಳು ಅದನ್ನು ನೋಡಿಯೇ ಕಲಿತವು.

ಮೆಟ್ರೋ ಗೋಲ್ಡ್‌ವಿನ್ ಮೇಯರ್ ಕಂಪನಿಯ ಕಲಾ ವಿಭಾಗದ ಮುಖ್ಯಸ್ಥರಾಗಿದ್ದವರು ಸೆಡ್ರಿಕ್ ಗಿಬ್ಬನ್ಸ್. 1924ರಲ್ಲಿ ಅವರು ಮಾಡಿಕೊಂಡ ಕರಾರಿನಲ್ಲಿ ಒಂದು ಷರತ್ತಿತ್ತು: ಕಂಪನಿ ಅಮೆರಿಕದಲ್ಲಿ ಬಿಡುಗಡೆ ಮಾಡುವ ಪ್ರತಿಯೊಂದು ಚಿತ್ರದಲ್ಲಿಯೂ ಕಲಾ ನಿರ್ದೇಶಕರೆಂದು ಅವರ ಹೆಸರು ಬರಬೇಕು. 1956ರಲ್ಲಿ ನಿವೃತ್ತರಾಗುವವರೆಗೆ ಸುಮಾರು 1500 ಚಿತ್ರಗಳಲ್ಲಿ ಹಾಗೆಯೇ ಬಂದಿತು. ಅವುಗಳಲ್ಲಿ ಅವರೇ ಕೈಯಾರೆ ರೂಪಿಸಿದವು ಹತ್ತರಲ್ಲಿ ಒಂದು ಪಾಲು ಎಂದು ಬಲ್ಲವರ ಅಂದಾಜು. ಆಸ್ಕರ್ ಪ್ರಶಸ್ತಿಗೆ 39 ಬಾರಿ ಅವರ ಹೆಸರು ಸೂಚಿತವಾಯಿತು, 11 ಬಾರಿ ಪ್ರಶಸ್ತಿ ಬಂದಿತು. ಆ ಪ್ರಶಸ್ತಿಯ ಪುತ್ಥಳಿಯನ್ನು 1928ರಲ್ಲಿ ರೇಖಿಸಿದವರೂ ಗಿಬ್ಬನ್ಸರೇ. ಅದನ್ನು ಮಣ್ಣಿನಲ್ಲಿ ತಿದ್ದಿ ಮೂರು ಆಯಾಮದ ಆಕೃತಿಯಾಗಿಸಿದ ಶಿಲ್ಪಿ ಜಾರ್ಜ್ ಸ್ಟ್ಯಾನ್ಲಿ. ಇಂದಿಗೂ ‘ಆಸ್ಕರ್ ಪ್ರತಿಮೆಯನ್ನು ಮಾಡಿದವರಾರು?’ ಎಂದರೆ ಬಹುತೇಕ ಪುಸ್ತಕಗಳು ಮೊದಲು ಹೇಳುವುದು ಗಿಬ್ಬನ್ಸರ ಹೆಸರನ್ನೇ.

ಗಿಬ್ಬನ್ಸರನ್ನು ಪರರ ಕೆಲಸ ಕದ್ದವರೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಅವರ ಪರವಾಗಿ ಹೇಳುವ ಮಾತು ಗಟ್ಟಿಯಾಗಿಯೇ ಇದೆ. ವರ್ಷಕ್ಕೆ ನಲವತ್ತು ಐವತ್ತು ಚಿತ್ರ ಹೊರಡಿಸುವ ಕಂಪನಿಯಲ್ಲಿ ಪ್ರತಿಭಾವಂತರನ್ನು ಹುಡುಕಿ ತಂದವರು ಅವರು. ಯಾವ ಚಿತ್ರ ಯಾರಿಗೆ ಎಂದು ಹಂಚಿದವರು, ನಕ್ಷೆ ನೋಡಿ ಒಪ್ಪಿದವರು, ಖರ್ಚಿಗಾಗಿ ನಿರ್ಮಾಪಕರೊಡನೆ ಜಗಳವಾಡಿದವರು ಅವರು. ಆ ಕಂಪನಿಯ ಚಿತ್ರವೆಂದರೆ ಹೀಗಿರಬೇಕು ಎಂಬ ಮಟ್ಟವನ್ನು ಕಟ್ಟಿದವರೂ ಅವರೇ. ಕೆಲಸ ಕೆಟ್ಟರೆ ಬೈಗುಳ ಅವರ ತಲೆಗೆ. ಕೆಟ್ಟಾಗ ಬರುವ ಬೈಗುಳ ಅವರದಾದರೆ, ಚೆನ್ನಾದಾಗ ಬರುವ ಹೆಸರೂ ಅವರದೇ ಆಗಬಾರದೇಕೆ? ಮನೆಯ ಯಜಮಾನಿ ತಾನು ಒಲೆಯ ಮುಂದೆ ನಿಲ್ಲದಿದ್ದರೂ ಹಬ್ಬದ ಅಡಿಗೆಯ ಕೀರ್ತಿ ಅಪಕೀರ್ತಿಗಳು ಅವಳಿಗೇ ಸಲ್ಲುವುದಿಲ್ಲವೇ?

ಈ ವಾದವನ್ನು ತೂಗಬೇಕಾದರೆ ‘ಹೆಸರು’ ಎಂಬ ಒಂದೇ ಮಾತಿನಲ್ಲಿ ಬೆರೆತುಹೋಗಿರುವ ಮೂರು ಅರ್ಥಗಳನ್ನು ಬಿಡಿಸಿಕೊಳ್ಳಬೇಕು. ಮೊದಲನೆಯದು ಒಡೆತನ: ಇದು ನನ್ನದು, ಇದರ ಲಾಭ ನನಗೆ ಸೇರಬೇಕು. ಎರಡನೆಯದು ಹೊಣೆ: ಇದರಲ್ಲಿ ತಪ್ಪಿದ್ದರೆ ನನ್ನನ್ನು ಕೇಳಿ. ಮೂರನೆಯದು ಸ್ಮರಣೆ: ಇದನ್ನು ಮಾಡಿದ ಕೈ ಇಂಥವರದು, ಮರೆಯಬೇಡಿ. ಒಡೆತನವನ್ನು ಕೊಳ್ಳಬಹುದು, ಮಾರಬಹುದು. ಕರಾರು ಅದಕ್ಕಾಗಿಯೇ ಇದೆ. ಹೊಣೆಯನ್ನು ಮೇಲಿರುವವನು ಹೊರಬಹುದು, ಹೊರಲೇಬೇಕು. ಆದರೆ ಸ್ಮರಣೆಯನ್ನು ವರ್ಗಾಯಿಸಲು ಬರುವುದಿಲ್ಲ. ಅದು ನಡೆದದ್ದನ್ನು ನಡೆದಂತೆ ಹೇಳುವ ಸಾಕ್ಷಿ. ಒಬ್ಬನು ಬರೆದದ್ದನ್ನು ಇನ್ನೊಬ್ಬನು ಬರೆದನೆಂದು ಎಷ್ಟು ಹಣ ಕೊಟ್ಟು ಹೇಳಿಸಿದರೂ ಅದು ನಿಜವಾಗುವುದಿಲ್ಲ.

ಗಿಬ್ಬನ್ಸರ ಹೆಸರು ಹೊಣೆಯ ಅರ್ಥದಲ್ಲಿ ಸತ್ಯ, ಸ್ಮರಣೆಯ ಅರ್ಥದಲ್ಲಿ ಅರ್ಧ ಅಸತ್ಯ. ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ (1951) ಚಿತ್ರವನ್ನು ನೋಡಿ. ಅದರ ಪ್ಯಾರಿಸ್ ಬೀದಿಗಳನ್ನು ಕ್ಯಾಲಿಫೋರ್ನಿಯಾದ ಸ್ಟುಡಿಯೋದಲ್ಲಿ ಕಟ್ಟಿದವರಲ್ಲಿ ಮುಖ್ಯರಾದ ಪ್ರೆಸ್ಟನ್ ಏಮ್ಸ್ ತಾರುಣ್ಯದಲ್ಲಿ ಪ್ಯಾರಿಸಿನಲ್ಲಿಯೇ ವಾಸ್ತುಶಿಲ್ಪ ಓದಿದ್ದವರು. ತಾನು ನಡೆದಾಡಿದ ಬೀದಿಯನ್ನು ನೆನಪಿನಿಂದ ಎಬ್ಬಿಸುವುದು ಮೇಲ್ವಿಚಾರಣೆಯಿಂದ ಆಗುವ ಕೆಲಸವಲ್ಲ. ಆ ಚಿತ್ರಕ್ಕೆ ಆಸ್ಕರ್ ಬಂದಾಗ ಗಿಬ್ಬನ್ಸರ ಜೊತೆಗೆ ಏಮ್ಸರ ಹೆಸರೂ ಇತ್ತು. ಅಷ್ಟು ಮರ್ಯಾದೆ ಉಳಿಯಿತು. ಆರ್‌ಕೆಓ ಕಂಪನಿಯ ‘ಸಿಟಿಜನ್ ಕೇನ್’ (1941) ಚಿತ್ರದಲ್ಲಿ ಕಲಾ ನಿರ್ದೇಶಕರೆಂದು ಕಾಣುವ ಹೆಸರು ವಿಭಾಗದ ಮುಖ್ಯಸ್ಥ ವ್ಯಾನ್ ನೆಸ್ಟ್ ಪೋಲ್‌ಗ್ಲೇಸರದು. ಆ ವಿಶಾಲವಾದ ಶೂನ್ಯ ಮಹಲನ್ನು ಸಣ್ಣ ಖರ್ಚಿನಲ್ಲಿ, ಕಪ್ಪು ಬಟ್ಟೆಯನ್ನೂ ಕತ್ತಲೆಯನ್ನೂ ಬಳಸಿ, ನಿಜವಾಗಿ ರೂಪಿಸಿದವರು ‘ಸಹಾಯಕ’ ಎಂಬ ಪದದ ಕೆಳಗೆ ಬಂದ ಪೆರಿ ಫರ್ಗ್ಯುಸನ್ ಎಂದು ಚರಿತ್ರಕಾರರು ತಿದ್ದಿ ಬರೆಯಬೇಕಾಯಿತು.

ಇದಕ್ಕೆ ಎದುರಾದ ನಡೆಯೂ ಅದೇ ಕಾಲದ ಹಾಲಿವುಡ್ಡಿನಲ್ಲಿಯೇ ಇತ್ತು. ‘ಗಾನ್ ವಿತ್ ದಿ ವಿಂಡ್’ (1939) ಚಿತ್ರದ ಇಡೀ ದೃಶ್ಯಸ್ವರೂಪವನ್ನು ಮೊದಲಿಂದ ಕೊನೆಯವರೆಗೆ ರೇಖಿಸಿದ ವಿಲಿಯಂ ಕ್ಯಾಮರೂನ್ ಮೆನ್ಜೀಸ್ ಅವರ ಕೆಲಸವನ್ನು ಹೇಳಲು ಇದ್ದ ಪದಗಳು ಸಾಲದಾದಾಗ, ನಿರ್ಮಾಪಕ ಸೆಲ್ಜ್‌ನಿಕ್ ‘ಪ್ರೊಡಕ್ಷನ್ ಡಿಸೈನರ್’ ಎಂಬ ಹೊಸ ಪದವನ್ನೇ ಬಳಕೆಗೆ ತಂದರು. ಕಲಾ ನಿರ್ದೇಶಕ ಲೈಲ್ ವೀಲರ್ ಅವರ ಹೆಸರು ಬೇರೆಯಾಗಿಯೇ ಉಳಿಯಿತು, ಆಸ್ಕರ್ ಅವರಿಗೆ ಬಂದಿತು. ಮೆನ್ಜೀಸರಿಗೂ ವಿಶೇಷ ಗೌರವ ದೊರೆಯಿತು. ಇಬ್ಬರಿಗೆ ಹೆಸರು ಕೊಟ್ಟುದರಿಂದ ಯಾರ ಹೆಸರೂ ಸಣ್ಣದಾಗಲಿಲ್ಲ. ಹಣವನ್ನು ಹಂಚಿದರೆ ಪಾಲು ಕಡಿಮೆಯಾಗುತ್ತದೆ. ಸ್ಮರಣೆಯನ್ನು ಹಂಚಿದರೆ ಹಾಗಾಗುವುದಿಲ್ಲ.

ಇಲ್ಲಿ ನಮ್ಮ ಪರಂಪರೆಯನ್ನು ಬಲ್ಲ ಹಿರಿಯರು ಒಂದು ಆಕ್ಷೇಪ ಎತ್ತಬಹುದು. ಹೆಸರಿನ ಹಂಬಲವೇ ಪಾಶ್ಚಾತ್ಯರ ರೋಗ. ಫಲಾಪೇಕ್ಷೆಯಿಲ್ಲದೆ ಕರ್ಮ ಮಾಡಬೇಕೆಂದು ಗೀತೆ ಹೇಳುತ್ತದೆ. ನಮ್ಮ ಶಿಲ್ಪಿಗಳು ಹೆಸರಿಲ್ಲದೆ ದೇವಾಲಯ ಕಟ್ಟಿದರು, ವಚನಕಾರರು ತಮ್ಮ ಹೆಸರಿನ ಬದಲು ಇಷ್ಟದೈವದ ಅಂಕಿತವನ್ನಿಟ್ಟರು. ಇಂಥ ನಾಡಿನಲ್ಲಿ ಹೆಸರಿಗಾಗಿ ಕಲಹವೇ? ಈ ಆಕ್ಷೇಪದಲ್ಲಿ ಹಿರಿದಾದ ಸತ್ಯವಿದೆ. ಆದರೆ ಚರಿತ್ರೆಯ ಭಾಗದಲ್ಲಿ ಅದು ಪೂರ್ಣ ಸರಿಯಲ್ಲ, ನೀತಿಯ ಭಾಗದಲ್ಲಿ ಒಂದು ಎಡವಟ್ಟಿದೆ.

ಚರಿತ್ರೆಯನ್ನು ನೋಡೋಣ. ಕಂಚಿಯ ವಿಜಯದ ನೆನಪಿಗೆ ಎಂಟನೆಯ ಶತಮಾನದಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನ, ಅದನ್ನು ರೂಪಿಸಿದ ಸೂತ್ರಧಾರಿ ಗುಂಡನನ್ನು ಹೆಸರಿಸಿ, ಅವನಿಗೆ ಬಿರುದನ್ನೂ ಸಲ್ಲಿಸುತ್ತದೆ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣರ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿದ್ದಾನೆ. ಈ ತಮಿಳು ನೆಲದಲ್ಲಿಯೂ ಹಾಗೆಯೇ. ತಂಜಾವೂರಿನ ದೊಡ್ಡ ದೇವಾಲಯದ ಗೋಡೆಯ ಮೇಲೆ ರಾಜರಾಜ ಚೋಳನು ತನ್ನ ದಾನವನ್ನೂ ಅಕ್ಕನ ದಾನವನ್ನೂ ಇತರರ ದಾನವನ್ನೂ ಬರೆಸಿದ. ಸ್ಥಪತಿ ಕುಂಜರಮಲ್ಲನ ಹೆಸರನ್ನೂ, ನಾನೂರು ನರ್ತಕಿಯರ ಹೆಸರುಗಳನ್ನು ಅವರವರ ಮನೆಯ ಗುರುತಿನೊಡನೆಯೂ ಬರೆಸಿದ. ಸಾವಿರ ವರ್ಷದ ಹಿಂದಿನ ಚಕ್ರವರ್ತಿಗೆ ನಾನೂರು ಹೆಸರು ಬರೆಸಲು ಗೋಡೆ ಸಾಲದಾಗಲಿಲ್ಲ.

ಇನ್ನು ನೀತಿಯ ಮಾತು. ಶರಣರು ಬರಹದ ಮೇಲೆ ಒಡೆತನ ಸಾಧಿಸದೆ ದೈವಕ್ಕೆ ಒಪ್ಪಿಸಿದರು, ನಿಜ. ಆದರೆ ಅವರ ಹೆಸರುಗಳನ್ನೇ ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ. ಕಾಯಕವೇ ಹೆಸರಿನ ಮೊದಲ ಭಾಗವಾಯಿತು. ಒಡೆತನವನ್ನು ತ್ಯಜಿಸಿದ ಪರಂಪರೆಯೇ ದುಡಿಯುವ ಕೈಯನ್ನು ಮರೆಯಲಿಲ್ಲ. ತನ್ನ ಹೆಸರನ್ನು ತಾನಾಗಿ ಬಿಡುವುದು ತ್ಯಾಗ. ಇನ್ನೊಬ್ಬರ ಹೆಸರನ್ನು ಬಿಡಿಸುವುದು ಅಪಹರಣ. ನಿಷ್ಕಾಮಕರ್ಮದ ಉಪದೇಶವನ್ನು ಮನುಷ್ಯ ತನಗೆ ಹೇಳಿಕೊಂಡರೆ ಅದು ಸಾಧನೆ. ಮೇಲಿರುವವನು ಕೆಳಗಿರುವವನಿಗೆ ಅದನ್ನು ಹೇಳುತ್ತಾ ಫಲವನ್ನು ತಾನೇ ಇಟ್ಟುಕೊಂಡರೆ ಅದು ಉಪದೇಶದ ದುರುಪಯೋಗ.

ಈಗ ನಮ್ಮ ಊರಿಗೆ ಬರೋಣ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಒಂದು ಟೀಶರ್ಟು ಸಿದ್ಧವಾಗಬೇಕಾದರೆ ನೂಲು ನಿಟ್ಟಿಂಗಿಗೆ ಹೋಗಬೇಕು, ಬಟ್ಟೆ ಡೈಯಿಂಗಿಗೆ ಹೋಗಿಬರಬೇಕು, ಕಟಿಂಗ್ ಮಾಸ್ಟರ್ ಅಳತೆ ಹಿಡಿಯಬೇಕು, ಓವರ್‌ಲಾಕಿನವರು ಕೂಡಿಸಬೇಕು, ಚೆಕಿಂಗಿನ ಹೆಂಗಸರು ನೂಲಿನ ತುದಿಗಳನ್ನು ಕತ್ತರಿಸಿ ಕಲೆ ಹುಡುಕಬೇಕು, ಇಸ್ತ್ರಿಯಾಗಬೇಕು, ಪ್ಯಾಕಾಗಬೇಕು. ಕೊನೆಗೆ ಕೊರಳಪಟ್ಟಿಯೊಳಗೆ ಹೊಲಿಯುವ ಲೇಬಲ್ಲಿನಲ್ಲಿ ಸಾಗರದಾಚೆಯ ಹೆಸರೊಂದಿರುತ್ತದೆ. ಆ ಹೆಸರು ಸುಳ್ಳಲ್ಲ. ಬಟ್ಟೆಯ ಗುಣಕ್ಕೆ ಕೊಂಡವನೆದುರು ನಿಲ್ಲುವ ಹೊಣೆ ಅದರದು. ಲೇಬಲ್ಲಿನ ಮೇಲೆ ಹತ್ತಾರು ದರ್ಜಿಗಳ ಹೆಸರು ಬರೆಯಲು ಜಾಗವಿಲ್ಲ, ಯಾರೂ ಅದನ್ನು ಕೇಳುತ್ತಲೂ ಇಲ್ಲ. ಆದರೆ ಹೆಸರು ಹೊತ್ತವನು ಲಾಭ ಬಂದಾಗ ‘ನನ್ನದು’ ಎಂದು, ನಷ್ಟವಾದಾಗ ‘ಅದನ್ನು ಮಾಡಿದವರು ಬೇರೆ’ ಎಂದರೆ, ಅವನು ಒಡೆತನವನ್ನು ಇಟ್ಟುಕೊಂಡು ಹೊಣೆಯನ್ನು ಕಳಚಿದಂತೆ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ರಾಣಾ ಪ್ಲಾಜಾ ಕಟ್ಟಡ ಕುಸಿದು 1100ಕ್ಕೂ ಹೆಚ್ಚು ಜನ ಸತ್ತಾಗ, ಯಾವ ಯಾವ ಕಂಪನಿಗಳಿಗಾಗಿ ಅಲ್ಲಿ ಬಟ್ಟೆ ಹೊಲಿಯಲಾಗುತ್ತಿತ್ತು ಎಂದು ತೋರಿಸಲು ಕಾರ್ಮಿಕರ ಪರ ನಿಂತವರು ಅವಶೇಷಗಳ ನಡುವೆ ಲೇಬಲ್ಲುಗಳನ್ನು ಹುಡುಕಬೇಕಾಯಿತು. ಲಾಭಕ್ಕಾಗಿ ಹೊಲಿದ ಹೆಸರೇ ಅಲ್ಲಿ ಹೊಣೆಯ ಸಾಕ್ಷಿಯಾಯಿತು.

ಚಿತ್ರರಂಗದಲ್ಲಿಯೂ ಅಂಥ ಒಂದು ದಿನವಿದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ದುರಂತದ ಮಾತು ಬಂದಾಗಲೆಲ್ಲ ತೀವ್ರವಾಗಿ ಸುಟ್ಟುಹೋಗಿ ಬದುಕಿ ಬಂದ ನಾಯಕನಟರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವರ ನೋವೂ ದೊಡ್ಡದೇ. ಸತ್ತವರು ಮಾತ್ರ ಒಂದು ಸಂಖ್ಯೆಯಾಗಿ ಉಳಿದರು. ಹೆಸರನ್ನು ಮರೆಯುವುದು ಬರಿಯ ಅಸೌಜನ್ಯವಾಗಿದ್ದರೆ ಕ್ಷಮಿಸಬಹುದಿತ್ತು. ಆದರೆ ಹೆಸರಿಲ್ಲದವನ ಸಾವನ್ನು ಯಾರೂ ಬಹಳ ಕಾಲ ವಿಚಾರಿಸುವುದಿಲ್ಲ. ಹೆಸರಿಲ್ಲದವನ ಸುರಕ್ಷತೆಗೆ ಯಾರೂ ಬಹಳ ಖರ್ಚು ಮಾಡುವುದಿಲ್ಲ. ಸ್ಮರಣೆ ಅಳಿದಲ್ಲಿ ಹೊಣೆಯೂ ಸಡಿಲಗೊಳ್ಳುತ್ತದೆ. ಈ ವಿಚಾರದಲ್ಲಿ ಪಣವಾಗಿರುವುದು ಕೀರ್ತಿ ಮಾತ್ರವಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಎಲ್ಲದರ ಮೇಲೂ ಎಲ್ಲರ ಹೆಸರನ್ನು ಬರೆಯುವುದು ಸಾಧ್ಯವಿಲ್ಲ. ಇಂದಿನ ಚಿತ್ರಗಳ ಕೊನೆಯಲ್ಲಿ ನೂರಾರು ಹೆಸರುಗಳು ಉರುಳಿಹೋಗುತ್ತವೆ. ಅಷ್ಟರಲ್ಲಿ ಪ್ರೇಕ್ಷಕರು ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ. ಆದರೂ ಆ ಪಟ್ಟಿ ವ್ಯರ್ಥವಲ್ಲ. ಯಾರೂ ಓದದಿದ್ದರೂ ಅದು ದಾಖಲೆಯಾಗಿ ಇರುತ್ತದೆ. ನಾಳೆ ಬಡಗಿಯ ಮೊಮ್ಮಗಳು ಹುಡುಕಿದರೆ ಅಜ್ಜನ ಹೆಸರು ಸಿಕ್ಕೀತು. ಇಷ್ಟನ್ನಾದರೂ ಪಾಲಿಸಬಹುದು: ಮಾಡದ ಕೆಲಸದ ಮೇಲೆ ಮಾಡಿದವನಂತೆ ಹೆಸರಿಡದಿರುವುದು, ಕೇಳಿದವರಿಗೆ ಮಾಡಿದವರ ಹೆಸರನ್ನು ಮರೆಮಾಚದೆ ಹೇಳುವುದು, ಎಲ್ಲಿಯೋ ಒಂದು ಪುಸ್ತಕದಲ್ಲಿ ಅದನ್ನು ಬರೆದಿಡುವುದು. ಇದಕ್ಕೆ ಹಣ ಬೇಕಿಲ್ಲ, ಕಾನೂನೂ ಬೇಕಿಲ್ಲ.

ಹೊರನಾಡಿನ ಕನ್ನಡ ಸಂಘಕ್ಕೆ ಈ ಮಾತು ಇನ್ನಷ್ಟು ಹತ್ತಿರದ್ದು. ಸಮ್ಮೇಳನದ ಕೊನೆಯಲ್ಲಿ ವಂದನಾರ್ಪಣೆಗೆ ನಿಂತವರು ಗಣ್ಯರ ಹೆಸರುಗಳನ್ನು ಓದಿ ಮುಗಿಸಿ, ‘ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ಸಹಕರಿಸಿದ ಎಲ್ಲರಿಗೂ’ ಎಂದು ಕೈಮುಗಿಯುವುದು ವಾಡಿಕೆ. ವೇದಿಕೆಯ ಹಿಂದಿನ ಪರದೆಗೆ ಬಣ್ಣ ಬಳಿದವರು, ನಡುರಾತ್ರಿ ಏಣಿ ಹತ್ತಿ ತೋರಣ ಕಟ್ಟಿದವರು, ಕನ್ನಡ ಬಾರದಿದ್ದರೂ ಕನ್ನಡದ ಅಕ್ಷರಗಳನ್ನು ಥರ್ಮೋಕೋಲಿನಲ್ಲಿ ಒಂದೂ ತಪ್ಪಿಲ್ಲದೆ ಕೊರೆದ ತಮಿಳು ಹುಡುಗರು, ಐನೂರು ಎಲೆಗೆ ಬಡಿಸಿದವರು, ಈ ಸಂಚಿಕೆಯ ಅಚ್ಚಿನ ಕರಡನ್ನು ತಿದ್ದಿದವರು, ಎಲ್ಲರೂ ಆ ಒಂದು ಪದದೊಳಗೆ ಸೇರಿಹೋಗುತ್ತಾರೆ. ಮುಂದಿನ ಬಾರಿ ವಂದನಾರ್ಪಣೆ ಎರಡು ನಿಮಿಷ ಹೆಚ್ಚಾಗಲಿ. ಊಟಕ್ಕೆ ತಡವಾಯಿತೆಂದು ಯಾರಾದರೂ ಗೊಣಗಿದರೆ ಗೊಣಗಲಿ. ‘ಎಲ್ಲರಿಗೂ’ ಎನ್ನುವ ಮೊದಲು ಅವರ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಲಿ, ಸಂಘದ ದಫ್ತರದಲ್ಲಿ ಬರೆದಿಡಲಿ.